ತೂತು ಬಿದ್ದ ಅಂಗೈ

ಜೇಬು ನೋಡದೆ ಬಟ್ಟೆಯನ್ನು ನೀರಿಗೆ ಹಾಕುವ ಅಭ್ಯಾಸ ನನಗಿಲ್ಲ. ಎರಡು ಮಕ್ಕಳಿದ್ದ ಮನೆಯಲ್ಲಿ ಅದು ತಾನಾಗಿಯೇ ಬಂದುಬಿಡುತ್ತದೆ. ಗೋಲಿ, ಬಾಟಲಿ ಮುಚ್ಚಳ, ಅರ್ಧ ತಿಂದ ಬಿಸ್ಕತ್ತು, ಒಮ್ಮೆಯಂತೂ ಜೀವಂತ ಜೀರುಂಡೆ. ಅವತ್ತು ಬೆಳಿಗ್ಗೆಯೂ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಮಗಳು ಗುಬ್ಬಿಯ ಫ್ರಾಕಿನ ಜೇಬಿಗೆ ಕೈ ಹಾಕಿದೆ. ಒಂದು ಪೆನ್ಸಿಲ್ ತುಂಡು ಸಿಕ್ಕಿತು. ಹಿಂದಿನ ತುದಿಯ ತುಂಬ ಹಲ್ಲಿನ ಗುರುತು. ಗುಬ್ಬಿ ಪೆನ್ಸಿಲ್ ಕಚ್ಚುವವಳಲ್ಲ. ಕಚ್ಚುತ್ತಿದ್ದವನು ಅವಳ ಅಣ್ಣ.

ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಬಕೆಟ್ಟು ತುಂಬಿ ನೀರು ಪಾದದ ಮೇಲೆ ಹರಿಯುತ್ತಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಯಾರೋ ಬಂದ್ರು ನೋಡೇ," ಒಳಗಿನಿಂದ ಅತ್ತೆ ಕೂಗಿದರು.

ನಲ್ಲಿ ನಿಲ್ಲಿಸಿ, ಪೆನ್ಸಿಲನ್ನು ಕಿಟಕಿಯ ದಂಡೆ ಮೇಲಿಟ್ಟು ಹೋಗುವಷ್ಟರಲ್ಲಿ ಗುಬ್ಬಿಯೇ ಬಾಗಿಲು ತೆಗೆದಿದ್ದಳು. ಹೊರಗೆ ಪ್ರೂಫ್ ಮಾಮ ನಿಂತಿದ್ದರು. ಅವರು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು. ಶಾಲೆಯ ಪುಸ್ತಕಗಳಿಗೆ ನಾನು ಮನೆಯಲ್ಲೇ ಕೂತು ಚಿತ್ರ ಬರೆದುಕೊಡುತ್ತೇನೆ. ಕತ್ತರಿಸಿದ ಬೀಜ, ಹೃದಯದ ಕೋಣೆಗಳು, ಕೈಯ ಮೂಳೆಗಳು, ಇಂಥವು. ಕೆಲಸ ತಂದುಕೊಡುವುದೂ ಮುಗಿದದ್ದನ್ನು ಒಯ್ಯುವುದೂ ಅವರೇ. ನನ್ನ ಮಕ್ಕಳು ಕರೆದೂ ಕರೆದೂ ಈಗ ಪ್ರೆಸ್ಸಿನಲ್ಲೂ ಅವರಿಗೆ ಅದೇ ಹೆಸರು.

"ಮಾಮಾ, ನಿಮ್ಮ ಅಂಗಿ ಗುಂಡಿ ಎಲ್ಲಾ ಒಂದೊಂದು ಮನೆ ಕೆಳಗೆ ಹೋಗಿದೆ. ಪ್ರೂಫ್ ನೋಡ್ಲಿಲ್ವಾ?"

ಮಾಮ ಎದೆ ನೋಡಿಕೊಂಡರು. "ಅಯ್ಯೋ, ಅಚ್ಚಾಗಿ ಹೋಯ್ತಲ್ಲ ಮರಿ! ಇನ್ನು ಮುಂದಿನ ಮುದ್ರಣದಲ್ಲೇ ತಿದ್ದಬೇಕು."

ಗುಬ್ಬಿ ಕಿಸಕ್ಕನೆ ನಕ್ಕಳು. ಮಾಮನೂ ನಕ್ಕರು. ಆಮೇಲೆ ಅವರ ಕಣ್ಣು ನನ್ನ ಕಡೆ ತಿರುಗಿತು, ನಗು ಅಲ್ಲೇ ನಿಂತಿತು. ಮಗ ಹೋದ ಮೇಲೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಜ್ವರ ಬಂದಿದ್ದು ಇಬ್ಬರಿಗೂ. ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು, ಇವಳು ಮನೆಯಲ್ಲಿ ಅತ್ತೆಯ ಕೈಯಲ್ಲಿ ಉಳಿದಳು. ಅಂಟುಜ್ವರ ಎಂದು ಆಸ್ಪತ್ರೆಯವರು ಅವನನ್ನು ಮನೆಗೆ ಕೊಡಲಿಲ್ಲ. ಅಲ್ಲಿಂದಲೇ ನೇರವಾಗಿ ಊರ ಹೊರಗಿನ ಮಣ್ಣು ಮಾಡುವ ಜಾಗಕ್ಕೆ. ಇವಳಿಗೆ ಆಗಿನ್ನೂ ಜ್ವರ ಬಿಟ್ಟಿರಲಿಲ್ಲ. ಮಗುವಿನ ಮನಸ್ಸಿಗೆ ಪೆಟ್ಟಾಗುವಂಥದ್ದು ಏನೂ ಹೇಳಬೇಡಿ ಎಂದರು ಡಾಕ್ಟರು. "ಅಣ್ಣ ಇನ್ನೂ ಆಸ್ಪತ್ರೆಲಿದಾನೆ," ಎಂದೆವು. ಜ್ವರ ಬಿಟ್ಟಿತು. ನಿಶ್ಶಕ್ತಿ ಹೋಗಲಿ ಎಂದು ಕಾದೆವು. ಆಮೇಲೆ ಅತ್ತೆ ಒಂದು ದಿನ, "ಅಣ್ಣ ನಿಮ್ಮ ಸೋದರತ್ತೆ ಮನೆಲಿದಾನೆ ಪುಟ್ಟಾ, ಅಲ್ಲೇ ಶಾಲೆಗೆ ಹೋಗ್ತಾನೆ," ಎಂದುಬಿಟ್ಟರು. ಗುಬ್ಬಿ ಹೂಂ ಎಂದಳು. ಅವತ್ತಿನಿಂದ ಅವಳು ಅಣ್ಣನ ಬಗ್ಗೆ ಏನನ್ನೂ ಕೇಳಿಲ್ಲ.

ಕೇಳಿದ್ದರೆ ಏನು ಹೇಳಬೇಕು ಎಂದು ನಾನು ಸಿದ್ಧವಾಗಿದ್ದೆ. ಪಾತ್ರೆ ತೊಳೆಯುವಾಗ, ಕಸ ಗುಡಿಸುವಾಗ ಮನಸ್ಸಿನಲ್ಲೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದೆ. 'ಅಣ್ಣ ಎಲ್ಲಿ' ಎಂದು ಕೇಳುತ್ತಾಳೆ, ಕೂರಿಸಿಕೊಂಡು ಹೀಗೆ ಹೀಗೆ ಹೇಳಬೇಕು ಎಂದು. ಅವಳು ಕೇಳಲೇ ಇಲ್ಲ. ಮೊದಲಾದರೆ ಅವನ ಬಣ್ಣದ ಡಬ್ಬಿ ಮುಟ್ಟಿದರೆ ಅದನ್ನು ಇದ್ದ ಜಾಗದಲ್ಲೇ, ಇದ್ದ ಕಡೆಗೇ ತಿರುಗಿಸಿ ಇಡುತ್ತಿದ್ದಳು, ಅಣ್ಣ ಬಂದರೆ ಗುದ್ದುತ್ತಾನೆ ಎಂದು. ಈಗ ಎಲ್ಲೆಂದರಲ್ಲಿ ಬಿಡುತ್ತಾಳೆ. ನಾನೇ ಎತ್ತಿ, ಇದ್ದ ಜಾಗದಲ್ಲಿ ಇಡುತ್ತೇನೆ.

ಪ್ರೂಫ್ ಮಾಮ ಕುರ್ಚಿಯ ತುದಿಯಲ್ಲಿ ಕೂತು ಚೀಲದಿಂದ ಒಂದು ಹಳೆಯ ಪಾಠಪುಸ್ತಕ ತೆಗೆದರು. "ಚಿತ್ರದ ಮೇಷ್ಟ್ರ ನೆನಪಿನ ಪುಸ್ತಕ ಬರ್ತಿದೆಯಲ್ಲ. ಎಲ್ಲಾರದೂ ಬಂತು. ನಿಮ್ಮದೊಂದು ಬಾಕಿ. ಅಂದ್ರೆ... ಬಾಕಿ ಅಂತಲ್ಲ. ಆ ಮಾತು ತಪ್ಪಾಯ್ತು. ನೀವು ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀವಿ. ಯಾರೂ ಏನೂ ಅಂದ್ಕೊಳಲ್ಲ."

ಚಿತ್ರದ ಮೇಷ್ಟ್ರು ಎಂದರೆ ನಾವೆಲ್ಲ ಚಿಕ್ಕಂದಿನಲ್ಲಿ ಓದಿದ ಪಾಠಪುಸ್ತಕಕ್ಕೆ ಮರದ ಅಚ್ಚು ಕೆತ್ತಿದವರು. ಕೊನೆಗಾಲದವರೆಗೂ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಕೂತು, ನನ್ನಂಥವರು ತಂದ ಚಿತ್ರಗಳಿಗೆ ತಪ್ಪು ಹುಡುಕುತ್ತಿದ್ದರು. "ಈ ಬೀಜಕ್ಕೆ ಜೀವ ಇಲ್ಲ ಕಣಮ್ಮ, ಇದು ಮೊಳಕೆ ಬರಲ್ಲ," ಎಂದು ಮೊದಲ ಚಿತ್ರವನ್ನೇ ವಾಪಸ್ಸು ಕೊಟ್ಟಿದ್ದರು. ಪೆನ್ಸಿಲ್ ಹಿಡಿಯಲು ನಾನು ಕಲಿತದ್ದು ಅವರಿಂದ. ಅವರು ತೀರಿಕೊಂಡ ಮೇಲೆ, ಅವರ ಒಂದೊಂದು ಚಿತ್ರವನ್ನು ನಾವು ಒಬ್ಬೊಬ್ಬರು ಪೆನ್ಸಿಲಿನಲ್ಲಿ ಮತ್ತೆ ಬರೆದುಕೊಡುವುದು ಎಂದು ಮಾತಾಗಿತ್ತು. ಸೂರು ಹತ್ತಿದ ಆಡಿನ ಚಿತ್ರ, ಕೊಡೆ ರಿಪೇರಿಯವನ ಚಿತ್ರ, ಎಲ್ಲ ಹಂಚಿಹೋದವು. ನನ್ನ ಚಿತ್ರವನ್ನು ಯಾರೂ ನನ್ನ ತಲೆಗೆ ಕಟ್ಟಿರಲಿಲ್ಲ. ಮಗ ಚೆನ್ನಾಗಿದ್ದ ಕಾಲದಲ್ಲಿ, ನಾನೇ ಹಲ್ಲು ಬಿಟ್ಟುಕೊಂಡು ಕೇಳಿ ಇಸಿದುಕೊಂಡದ್ದು.

ಆ ಚಿತ್ರ ಹೀಗಿದೆ. ಆಳೆತ್ತರದ ಜೊಂಡು. ನಡುವೆ ಒಬ್ಬ ಅಪ್ಪ ನಡೆದು ಹೋಗುತ್ತಿದ್ದಾನೆ, ಒಂದು ಕೈಯಲ್ಲಿ ಲಾಟೀನು. ಹೆಗಲ ಮೇಲೆ ಪುಟ್ಟ ಹುಡುಗಿ, ಮುಖ ಅವನ ಬೆನ್ನಿನ ಕಡೆ, ಒಂದು ಕೈ ಕೆಳಗೆ ಜೋತುಬಿದ್ದಿದೆ. ಹಿಂದೆ ನಾಯಿ. ದೂರದಲ್ಲಿ ಬಾಗಿಲು ತೆರೆದ ಒಂದು ಮನೆ. ಕಳೆದುಹೋದ ಕರುವನ್ನು ಹುಡುಕಲು ಹೋಗಿ ಹುಡುಗಿಯೇ ಕಳೆದುಹೋದ ಕಥೆ ಅದು. ಚಿತ್ರದ ಕೆಳಗೆ ಕಥೆಯ ಕೊನೆಯ ವಾಕ್ಯ: 'ಅಪ್ಪ ಅವಳನ್ನು ಮನೆಗೆ ತಂದ.' ಅಷ್ಟೇ. ಹುಡುಗಿ ನಿದ್ದೆ ಹೋಗಿದ್ದಾಳೋ ಸತ್ತಿದ್ದಾಳೋ ಎಂದು ನಾವು ಶಾಲೆಯಲ್ಲಿ ಜಡೆ ಹಿಡಿದು ಜಗಳವಾಡಿದ್ದೇವೆ. ಆಮೇಲೆ ಪ್ರೆಸ್ಸಿನಲ್ಲಿ ಚಿತ್ರದ ಮೇಷ್ಟ್ರನ್ನೇ ಕೇಳಿದರೆ, "ಕೈ ನೋಡಿ ಹೇಳು," ಎನ್ನುತ್ತಿದ್ದರು.

"ಬೇಡ ಅಂತ ಹೇಳು." ಅತ್ತೆ ಬಾಗಿಲ ಹಿಂದಿನಿಂದಲೇ ಹೇಳಿದರು. "ಆ ಚಿತ್ರ ಈ ಮನೇಲಿ ಬೇಡ."

ನಾನು ಪುಸ್ತಕ ತೆಗೆದುಕೊಂಡೆ. ಮೇಷ್ಟ್ರ ಋಣ ಒಂದು ಕಾರಣ. ಇನ್ನೊಂದು, ಕೈಗೆ ಕೆಲಸವಿಲ್ಲದ ಮಧ್ಯಾಹ್ನಗಳು ನನ್ನನ್ನು ತಿನ್ನುತ್ತಿದ್ದವು.

"ಸೋಮವಾರ ಬರ್ತೀನಿ," ಎಂದು ಮಾಮ ಎದ್ದರು. ಮೆಟ್ಟಿಲಿಳಿಯುವಾಗ ಗುಂಡಿಗಳನ್ನು ಸರಿಮಾಡಿಕೊಳ್ಳುತ್ತಿದ್ದರು. ಅವರು ತಲೆ ಎತ್ತಲಿಲ್ಲ.

ಬಚ್ಚಲಿಗೆ ವಾಪಸ್ಸು ಹೋದಾಗ ಕಿಟಕಿ ದಂಡೆಯ ಮೇಲೆ ಪೆನ್ಸಿಲ್ ತುಂಡು ಇರಲಿಲ್ಲ.

*

ಹಾಳೆ ಹಾಸಿ ಕೂತ ಮೇಲೆ ತೊಂದರೆ ಗೊತ್ತಾಯಿತು. ಮಾಮ ತಂದದ್ದು ಆ ಪುಸ್ತಕದ ತೀರಾ ಕೊನೆಯ ಮುದ್ರಣ. ಅಷ್ಟೊತ್ತಿಗೆ ಅಚ್ಚು ಸವೆದಿತ್ತು, ಹುಡುಗಿಯ ಕೈ ಇರುವಲ್ಲಿ ಬರೀ ಕಪ್ಪು ಮಸಿ. ನನ್ನ ಹತ್ತಿರ ಹಳೆಯ ಪ್ರತಿ ಇದೆ, ನಾನು ಓದಿ ಮಕ್ಕಳಿಗೆ ಕೊಟ್ಟದ್ದು. ಅದನ್ನು ತೆಗೆದು ಪುಟ ತಿರುಗಿಸಿದೆ. ಅದರಲ್ಲಿ ಕೈ ಇರುವಲ್ಲಿ ತೂತು.

ಮರೆತೇಬಿಟ್ಟಿದ್ದೆ. ಆ ಪುಟ ಬಂದಾಗಲೆಲ್ಲ ನನ್ನ ಮಕ್ಕಳು ಹುಡುಗಿಯ ಅಂಗೈಗೆ ಕಚಗುಳಿ ಇಡುತ್ತಿದ್ದರು. ಬೆರಳ ತುದಿಯಿಂದ ಕೆರೆದು, "ಏಳೇ, ಏಳೇ," ಎನ್ನುತ್ತಿದ್ದರು. ನಾನು ಓದುತ್ತಾ ಪುಟ ಮಗುಚಲು ಹೋದರೆ, "ತಡಿಯಮ್ಮ, ಇನ್ನೂ ಎದ್ದಿಲ್ಲ," ಎನ್ನುತ್ತಿದ್ದರು. ಕಾಗದ ಮೊದಲು ನುಣುಪಾಯಿತು, ಆಮೇಲೆ ನೂಲುನೂಲಾಯಿತು, ಒಂದು ದಿನ ಗುಬ್ಬಿಯ ಬೆರಳು ಆ ಕಡೆಗೆ ತೂರಿಕೊಂಡು ಬಂತು. ಅವತ್ತು ಅವಳು ಅತ್ತ ಅಳು! ಹುಡುಗಿಗೆ ಗಾಯವಾಯಿತು ಎಂದು ಅಣ್ಣ ಬೇರೆ ರೇಗಿಸಿದ್ದ.

ಆ ಕೈ ಹೇಗಿತ್ತು ಎಂದು ನೆನೆಯಲು ಪ್ರಯತ್ನಪಟ್ಟೆ. ಕಣ್ಣು ಮುಚ್ಚಿದರೆ ಆ ಜಾಗದಲ್ಲಿ ನನ್ನ ಮಕ್ಕಳ ಎರಡು ಬೆರಳುಗಳೇ ಕಾಣುತ್ತಿದ್ದವು.

ಕೈಯನ್ನು ಕೊನೆಗೆ ಬಿಟ್ಟು ಉಳಿದದ್ದನ್ನು ಶುರುಮಾಡಿದೆ. ಪುಸ್ತಕದ ಪುಟದ ಮೇಲೆ ಹೊಲಿಗೆ ದಾರವನ್ನು ಅಡ್ಡ ಉದ್ದ ಎಳೆದು ಚೌಕಗಳನ್ನು ಮಾಡಿಕೊಂಡೆ. ಹಾಳೆಯ ಮೇಲೆ ಅದೇ ಚೌಕಗಳನ್ನು ತೆಳ್ಳಗೆ ಗೀಚಿದೆ. ಮೇಷ್ಟ್ರು ಕೆತ್ತಿದವರು, ಕಪ್ಪು ಮರದಿಂದ ಬೆಳಕನ್ನು ಚೂರುಚೂರಾಗಿ ಎಬ್ಬಿಸಿದವರು. ಪೆನ್ಸಿಲಿನದು ಅದರ ತಿರುಗುಮುರುಗು. ಬಿಳಿ ಹಾಳೆಗೆ ನಾನು ಕತ್ತಲೆ ತುಂಬುತ್ತಾ ಹೋಗಬೇಕು, ಬೆಳಕು ಬೇಕಾದಲ್ಲಿ ಕೈ ತಡೆಯಬೇಕು. ಲಾಟೀನಿನ ಸುತ್ತ ಏನೂ ಮಾಡದೆ ಬಿಡುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಒಂದು ಚೌಕ ಜೊಂಡು ಬರೆಯುವುದು, ಕುಕ್ಕರ್ ಕೂಗಿದರೆ ಏಳುವುದು. ನಾಯಿಯ ಬೆನ್ನು ಬರೆಯುವುದು, ಅತ್ತೆಗೆ ಮಾತ್ರೆ ಕೊಡುವುದು. ಮಳೆಹನಿ ಬಿದ್ದರೆ ಓಡಿಹೋಗಿ ಬಟ್ಟೆ ತರುವುದು, ಮತ್ತೆ ಬಂದು ಕೈ ಒರೆಸಿಕೊಂಡು ಕೂರುವುದು. ಗುಬ್ಬಿ ಮೇಜಿನ ತುದಿಗೆ ಗಲ್ಲ ಊರಿ ನೋಡುತ್ತಿದ್ದಳು. ಅವಳಿಗಿನ್ನೂ ಶಾಲೆಗೆ ಕಳಿಸುವಷ್ಟು ಶಕ್ತಿ ಬಂದಿರಲಿಲ್ಲ.

"ನಾಯಿ ದಪ್ಪ ಆಯ್ತಮ್ಮ. ನಿನ್ನ ಕೈಯಡಿಗೆ ತಿಂದಿರ್ಬೇಕು."

"ಹಾಗಾದ್ರೆ ನಿನ್ನ ಮೈ ಯಾಕೆ ದಪ್ಪ ಆಗಿಲ್ಲ ಮತ್ತೆ?"

"ನಾನು ಅರ್ಧ ಬಿಡ್ತೀನಲ್ಲ."

ಅರ್ಧ ಬಿಡುವುದನ್ನು ನಾನೂ ಗಮನಿಸಿದ್ದೆ. ಯಾಕೆ ಎಂದು ಕೇಳಲಿಲ್ಲ. ಈ ಮನೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಎರಡು ಸಲ ಕೈ ಬರೆದೆ. ಎರಡು ಸಲವೂ ನಿದ್ದೆ ಹೋದ ಮಗುವಿನ ಮುಷ್ಟಿಯೇ ಬಂತು. ನನ್ನ ಮಗ ಹೆಬ್ಬೆರಳನ್ನು ಒಳಗೆ ಮಡಚಿಕೊಂಡು, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚಿಕೊಂಡು ಮಲಗುತ್ತಿದ್ದ. ಪೆನ್ಸಿಲ್ ತಾನಾಗಿ ಆ ಕಡೆಗೇ ಹೋಗುತ್ತಿತ್ತು. ಮುಷ್ಟಿ ಚೆನ್ನಾಗಿಯೇ ಬಂದಿತ್ತು. ಆದರೆ ಜೋತುಬಿದ್ದ ಆ ತೋಳಿನ ತುದಿಗೆ ಅದು ಕೂರುತ್ತಿರಲಿಲ್ಲ. ಬೇರೆ ಯಾರದೋ ಕೈ ತಂದು ಹೊಲಿದ ಹಾಗಿತ್ತು. ಕಾಗದ ಸವೆಯದಿರಲಿ ಎಂದು ರಬ್ಬರಿನ ಬದಲು ಬ್ರೆಡ್ಡಿನ ತುಂಡು ನಾದಿ ಅದರಿಂದ ಒತ್ತಿ ಒತ್ತಿ ಅಳಿಸಿದೆ.

*

ಶನಿವಾರ ಸಂಜೆ ಇವರು ಕೆಲಸದಿಂದ ಬಂದರು. ಇವರದು ನೀರಿನ ಪೈಪು ಜೋಡಿಸುವ ಕೆಲಸ. ದಿನವಿಡೀ ಹಳ್ಳದಲ್ಲಿ ನಿಂತು, ಮೊಣಕಾಲವರೆಗೆ ಕೆಸರು ಮಾಡಿಕೊಂಡು ಬರುತ್ತಾರೆ. ಮೊದಲೆಲ್ಲ ಬರುವಾಗಲೇ ರಸ್ತೆಯ ತಿರುವಿನಿಂದ ಸಿಳ್ಳೆ ಹಾಕುತ್ತಿದ್ದರು.

"ಒಂದು ಗಳಿಗೆ ಬಾಗಿಲಲ್ಲಿ ನಿಂತ್ಕೋತೀರಾ?" ಎಂದೆ. "ಇವಳನ್ನ ಹೆಗಲ ಮೇಲೆ ಹಾಕ್ಕೊಂಡು. ತೋಳು ಹೇಗೆ ಬೀಳತ್ತೆ ಅಂತ ನೋಡ್ಬೇಕು."

ಇವರು ನನ್ನ ಮುಖ ನೋಡಿದರು. "ಚಿತ್ರಕ್ಕಾ?"

"ಹೂಂ."

ಕೈಕಾಲು ತೊಳೆದು ಬಂದು ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಬಾಗಿಲಲ್ಲಿ ಇನ್ನೂ ಬೆಳಕಿತ್ತು. ಗುಬ್ಬಿಗೆ ಖುಷಿಯೋ ಖುಷಿ, ಅಪ್ಪನ ಬೆನ್ನ ಹಿಂದೆ ತಲೆಕೆಳಗಾಗಿ ಕಿಲಕಿಲ ಎನ್ನುತ್ತಿದ್ದಳು.

"ನಗಬಾರ್ದು ಗುಬ್ಬಿ. ನಿದ್ದೆ ಬಂದಿರೋ ಹಾಗೆ ಮಾಡು."

ಅವಳು ತಕ್ಷಣ ಸುಮ್ಮನಾದಳು. ಮೈಯನ್ನು ಪೂರ್ತಿ ಬಿಟ್ಟಳು. ಕುತ್ತಿಗೆ ವಾಲಿತು, ಒಂದು ತೋಳು ಜಾರಿ ಇವರ ಬೆನ್ನಿನ ಮೇಲೆ ತೂಗಾಡಿ ನಿಂತಿತು. ನಾನು ಗೀಚತೊಡಗಿದೆ. ಭುಜದ ಗೆರೆ, ಮೊಣಕೈ, ಮಣಿಕಟ್ಟು. ಅವಳು ಉಸಿರನ್ನೂ ಬಿಗಿಹಿಡಿದಿದ್ದಳು. ಇಷ್ಟು ಚೆನ್ನಾಗಿ ನಟಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಇವರ ಕೈ ಅವಳ ಬೆನ್ನ ಮೇಲೆ ಸರಿದಾಡತೊಡಗಿತು. ಮೊದಲು ಮೆಲ್ಲಗೆ ತಟ್ಟಿದರು. ಆಮೇಲೆ ಜೋರಾಗಿ.

"ಸಾಕು. ಏಳು."

ಅವಳು ಏಳಲಿಲ್ಲ. ಆಟ ಎಂದುಕೊಂಡಳು.

"ಏಳು ಅಂದೆ! ಏಯ್! ಏಳೇ!"

ಅವಳನ್ನು ಕೆಳಗಿಳಿಸಿ, ಎರಡೂ ಭುಜ ಹಿಡಿದು ಅಲ್ಲಾಡಿಸಿದರು. ಅವಳ ಹಲ್ಲು ಕಟಕಟ ಎಂದಿತು. ನಾನು ಎದ್ದು ಓಡುವುದರೊಳಗೆ ಅವಳು ಕಣ್ಣು ಬಿಟ್ಟು, "ಸುಮ್ನೆ ಮಾಡ್ತಿದ್ದೆ ಅಪ್ಪ. ಅಮ್ಮ ಹೇಳಿದ್ದು," ಎಂದಳು. ಇವರು ಅವಳನ್ನು ಬಿಟ್ಟರು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು.

ಮಗನನ್ನು ಇದೇ ಹೆಗಲ ಮೇಲೆ ಹಾಕಿಕೊಂಡು ಇದೇ ಬಾಗಿಲಿನಿಂದ ಆಸ್ಪತ್ರೆಗೆ ಒಯ್ದಿದ್ದರು. ಅದು ಚಿತ್ರಕ್ಕೆ ನಿಲ್ಲಿಸುವಾಗ ನನಗೆ ಹೊಳೆಯಲಿಲ್ಲವೇ ಎಂದರೆ, ಹೊಳೆದಿತ್ತು. ಆದರೂ ನಿಲ್ಲಿಸಿದೆ. ತೋಳು ಹೇಗೆ ಬೀಳುತ್ತದೆ ಎಂದು ನನಗೆ ನೋಡಬೇಕಿತ್ತು.

"ಕಲ್ಲು ಕಣೆ ನೀನು," ಎಂದರು ಅತ್ತೆ. ಅಡುಗೆಮನೆಯ ಹೊಸ್ತಿಲಲ್ಲಿ ಗೋಡೆ ಹಿಡಿದು ನಿಂತಿದ್ದರು. "ನನ್ನ ಮಗನ್ನ ಹೀಗೆ ಹಿಂಡ್ತೀಯಲ್ಲ. ಆ ಮಗೂಗೆ ಗೊತ್ತಾದ್ರೆ ಏನ್ ಗತಿ? ಅವಳೂ ಜ್ವರ ಹತ್ತಿ ಮಲಗಿದ್ರೆ?"

"ಗೊತ್ತಾಗ್ಬೇಡ್ವಾ ಅತ್ತೆ? ಯಾವತ್ತಾದ್ರೂ?"

"ಯಾವತ್ತಾದ್ರೂ ಗೊತ್ತಾಗ್ಲಿ. ನಾನು ಕಣ್ಮುಚ್ಚಿದ ಮೇಲೆ ಗೊತ್ತಾಗ್ಲಿ." ಗೋಡೆ ಬಿಟ್ಟು ನನ್ನ ತೋಳು ಹಿಡಿದರು. "ಅವಳು ನನ್ನನ್ನ ಕೇಳಿಬಿಟ್ರೆ ನಾನು ಎಲ್ಲಿಗೆ ಹೋಗ್ಲಿ ಹೇಳು."

ಅವರನ್ನು ಹಿಡಿದುಕೊಂಡು ಹೋಗಿ ಮಂಚದ ಮೇಲೆ ಕೂರಿಸಿದೆ. ನೀರು ಕೊಟ್ಟೆ. ಸುಳ್ಳು ಹೇಳಿದ್ದು ಅವರು, ನಿಜ. ಆದರೆ ಅದನ್ನು ದಿನಾ ಊಟ ಹಾಕಿ ಸಾಕಿದ್ದು ನಾವೆಲ್ಲರೂ.

*

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಚಿತ್ರ ಮುಗಿಯಿತು, ಕೈಯೊಂದನ್ನು ಬಿಟ್ಟು. ಜೊಂಡು ಸರಿಯಾಗಿ ಬಂದಿತ್ತು. ಲಾಟೀನು ಉರಿಯುತ್ತಿತ್ತು. ಮೇಷ್ಟ್ರು ಇದ್ದಿದ್ದರೆ ನಾಯಿಯ ಬಾಲಕ್ಕೆ ಏನಾದರೂ ಅನ್ನುತ್ತಿದ್ದರು, ಉಳಿದದ್ದಕ್ಕೆ ಸುಮ್ಮನಿರುತ್ತಿದ್ದರು. ಅವರು ಸುಮ್ಮನಿದ್ದರೆ ಅದೇ ಹೊಗಳಿಕೆ. ಅತ್ತೆ ಮಲಗಿದ್ದರು. ಇವರಿಗೆ ಯಾವುದೋ ಬೀದಿಯಲ್ಲಿ ಪೈಪು ಒಡೆದಿದೆ ಎಂದು ಕರೆ ಬಂದು ಹೋಗಿದ್ದರು. ನಾನು ಒಣಗಿದ ಬಟ್ಟೆಗಳನ್ನು ಮಡಿಚಿಟ್ಟು ಬಂದು ಮೇಜಿನ ಮುಂದೆ ಕೂತೆ.

ತೋಳಿನ ತುದಿಯಲ್ಲಿ ಬಿಳಿ ಹಾಳೆ. ಬೆಳಿಗ್ಗೆ ಮಾಮ ಬರುತ್ತಾರೆ.

ಗುಬ್ಬಿ ಬಂದು ಪಕ್ಕದಲ್ಲಿ ನಿಂತಳು. "ಕೈ ಬರೀಲಿಲ್ವಾ?"

"ಹೇಗಿತ್ತು ಅಂತ ಗೊತ್ತಾಗ್ತಿಲ್ಲ ಮರಿ. ಎರಡು ಪುಸ್ತಕದಲ್ಲೂ ಇಲ್ಲ."

"ನಂಗೊತ್ತು. ಬಿಡಿಸ್ಕೊಂಡಿತ್ತು." ತನ್ನ ಕೈಯನ್ನು ಮೇಜಿನಿಂದ ಕೆಳಗೆ ಇಳಿಬಿಟ್ಟು ತೋರಿಸಿದಳು. ಬೆರಳುಗಳು ಸಡಿಲವಾಗಿ ತೆರೆದಿದ್ದವು. "ಹೀಗೆ. ಅದಕ್ಕೇ ಕಚಗುಳಿ ಇಡೋಕೆ ಆಗ್ತಿತ್ತು. ಮುಷ್ಟಿ ಹಿಡ್ಕೊಂಡಿದ್ರೆ ಎಲ್ಲಿ ಇಡೋದು?"

ನಾನು ಅವಳ ಕೈಯನ್ನೇ ನೋಡಿದೆ. ಮೇಷ್ಟ್ರು ಕೈ ನೋಡಿ ಹೇಳು ಎಂದದ್ದು ಇದನ್ನೇ. ನಾನು ಎಷ್ಟೋ ಸಲ ಆ ಪುಟ ಓದಿ ಹೇಳಿದ್ದೇನೆ, ಒಂದು ಸಲವೂ ಕೈ ನೋಡಿರಲಿಲ್ಲ.

"ಅಣ್ಣ ಹೇಳಿದ್ದ," ಎಂದಳು. ಅಣ್ಣ ಎಂಬ ಮಾತು ಅವಳ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ. "ಅವಳು ಸತ್ತೋಗಿದಾಳೆ ಕಣೆ, ಅತ್ತುಬಿಡ್ತೀವಿ ಅಂತ ಪುಸ್ತಕದೋರು ಹೇಳಲ್ಲ ಅಷ್ಟೆ ಅಂದ. ನಾನು ಇಲ್ಲ, ನಿದ್ದೆ ಅಂದೆ. ಹಾಗಿದ್ರೆ ಎಬ್ಬಿಸು ನೋಡೋಣ ಅಂದ. ಎಬ್ಬಿಸ್ತಾನೇ ಇದ್ವಿ. ಅವನೂ ಎಬ್ಬಿಸ್ತಿದ್ದ. ಅವಂಗೆ ಗೊತ್ತಿದ್ರೂ."

ಫ್ರಾಕಿನ ಜೇಬಿನಿಂದ ಹಲ್ಲಿನ ಗುರುತಿನ ಆ ಪೆನ್ಸಿಲ್ ತುಂಡನ್ನು ತೆಗೆದು ನನ್ನ ಮುಂದೆ ಇಟ್ಟಳು. ಬ್ಲೇಡು ತೆಗೆದುಕೊಂಡು ಅದನ್ನು ಚೂಪು ಮಾಡಿದೆ. ಸೀಸ ಒಮ್ಮೆ ಮುರಿಯಿತು, ಮತ್ತೆ ಚೂಪು ಮಾಡಿದೆ. ಹಿಡಿದಾಗ ಅವನ ಹಲ್ಲು ಮೂಡಿಸಿದ ಗುಳಿಗಳು ನನ್ನ ಬೆರಳಿಗೆ ಒತ್ತುತ್ತಿದ್ದವು.

ಬರೆದೆ. ಯಾವ ಪುಸ್ತಕವನ್ನೂ ನೋಡಲಿಲ್ಲ, ಅವಳ ಕೈಯನ್ನೂ ನೋಡಲಿಲ್ಲ. ಆ ಕೈಯನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೆ. ಮಣಿಕಟ್ಟಿನಿಂದ ಕೆಳಗೆ ಭಾರವೆಲ್ಲ ಬೆರಳ ತುದಿಗೆ ಇಳಿದಿತ್ತು. ಹೆಬ್ಬೆರಳು ಅಂಗೈಯಿಂದ ದೂರ ಬಿದ್ದಿತ್ತು. ನಾನು ಅದನ್ನು ಒಳಗೆ ಮಡಚಿ, ಮೇಲೆ ನಾಲ್ಕು ಬೆರಳು ಮುಚ್ಚಿ ಹಿಡಿದಿದ್ದೆ, ಅವನು ಮಲಗುತ್ತಿದ್ದ ಹಾಗೆಯೇ. ಬಿಟ್ಟ ತಕ್ಷಣ ಅದು ಮೆಲ್ಲಗೆ ಮತ್ತೆ ತೆರೆದುಕೊಂಡಿತ್ತು. ಹಾಗೆ ತೆರೆದುಕೊಂಡದ್ದನ್ನು ಹಾಗೆಯೇ ಬರೆದೆ. ತೋರುಬೆರಳು, ನಡುಬೆರಳು, ಉಂಗುರಬೆರಳು. ಕಿರುಬೆರಳು ಮಾತ್ರ ತುಸು ಬಗ್ಗಿತ್ತು. ಉಗುರುಗಳ ಬುಡಕ್ಕೆ ಒತ್ತದೆ ತೆಳ್ಳಗಿನ ನೆರಳು ಕೊಟ್ಟೆ. ಅಂಗೈಯ ನಡುವೆ ಲಾಟೀನಿನ ಬೆಳಕು ಬೀಳುವಷ್ಟು ಜಾಗವನ್ನು ಮುಟ್ಟದೆ ಬಿಟ್ಟೆ.

ಗುಬ್ಬಿ ಒಂದೊಂದೇ ಬೆರಳು ಮೂಡುವುದನ್ನು ನೋಡುತ್ತಾ ನಿಂತಿದ್ದಳು. ಅವಳ ಉಸಿರು ನನ್ನ ಮೊಣಕೈಗೆ ತಾಗುತ್ತಿತ್ತು. ಕೊನೆಯ ಬೆರಳಾದ ಮೇಲೆ ನಾನು ಪೆನ್ಸಿಲ್ ಕೆಳಗಿಟ್ಟೆ. ಅವಳು ಕೈ ಮುಂದೆ ಮಾಡಿ ಆ ಅಂಗೈಯ ಹತ್ತಿರದವರೆಗೂ ಬೆರಳು ತಂದಳು. ಕಚಗುಳಿ ಇಡಲಿಲ್ಲ. ಸೀಸ ಹರಡೀತು ಎಂದೋ ಏನೋ, ಕೈ ಹಿಂದೆ ತೆಗೆದುಕೊಂಡಳು.

"ನೀನು ನೋಡಿದ್ಯಾ ಅಮ್ಮ?"

"ನೋಡಿದೀನಿ."

ಅವಳು ತಲೆಯಾಡಿಸಿದಳು. ಅಳಲಿಲ್ಲ. ಚಿತ್ರದ ಕೆಳಗೆ ಅಕ್ಷರಗಳಿಗೆಂದು ನಾನು ಬಿಟ್ಟಿದ್ದ ಖಾಲಿ ಜಾಗವನ್ನು ನೋಡುತ್ತಿದ್ದಳು. ಅಲ್ಲಿ ಬರಬೇಕಾದ ವಾಕ್ಯ ಅವಳಿಗೆ ಬಾಯಿಪಾಠ. ನಾನು ಅವಳನ್ನು ಹತ್ತಿರ ಎಳೆದುಕೊಂಡೆ. ಇಷ್ಟು ದಿನ ರೂಢಿ ಮಾಡಿಕೊಂಡಿದ್ದ ಮಾತುಗಳನ್ನು ಹುಡುಕಿದೆ. 'ಅಣ್ಣ ಎಲ್ಲಿ' ಎಂದು ಕೇಳಿದರೆ ಹೇಳಬೇಕಾದ ಮಾತುಗಳು. ಅವು ಈಗ ಅವಳಿಗೆ ಬೇಕಾಗಿರಲಿಲ್ಲ.

"ಅವತ್ತು ನೀನು ಅಪ್ಪ ಇಬ್ರೇ ಬಂದ್ರಿ," ಎಂದಳು. "ನಂಗೆ ಜ್ವರ ಇತ್ತಲ್ಲ, ಅವತ್ತು. ಅಜ್ಜಿ ಒಳಗಿದ್ರು. ನಾನು ಕಿಟಕಿಯಿಂದ ನೋಡ್ದೆ. ಅಪ್ಪನ ಹೆಗಲ ಮೇಲೆ ಯಾರೂ ಇರ್ಲಿಲ್ಲ."

ಅವಳು ತಿರುಗಿ ನನ್ನ ಮುಖ ನೋಡಿದಳು.

"ಅಮ್ಮಾ, ಅಣ್ಣನ್ನ ಯಾಕೆ ಮನೆಗೆ ತರಲಿಲ್ಲ?"